ಅತ್ತೆಯ ದವಡೆಗೆ ಓಟ್ಸ್ ಬಾರ್

ಹಲ್ಲಿನಕ್ಕನಿಗೆ ಒಂದು ಚಾಳಿಯಿತ್ತು. ಎದುರಿಗೆ ಯಾರಾದರೂ ಏನಾದರೂ ತಿನ್ನುತ್ತಿದ್ದರೆ ಅವಳ ಕಣ್ಣು ನೇರವಾಗಿ ಅವರ ಬಾಯಿಗೆ ಹೋಗಿ ಕೂರುತ್ತಿತ್ತು. ಇದೇನೂ ಆಸೆಬುರುಕತನವಲ್ಲ, ತಟ್ಟೆಯಲ್ಲಿ ಏನಿತ್ತು ಎಂದು ಕೇಳಿದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ. ಮೇಲಿನ ಸಾಲು ಕೆಳಗಿನ ಸಾಲಿನ ಮೇಲೆ ಹೇಗೆ ಬಂದು ಕೂರುತ್ತಿದೆ, ದವಡೆ ಯಾವ ಪಕ್ಕಕ್ಕೆ ಎಳೆಯುತ್ತಿದೆ, ಯಾವ ಹಲ್ಲು ಮೈಗಳ್ಳ, ಯಾವುದು ಪಕ್ಕದ್ದರ ಕೆಲಸವನ್ನೂ ತಾನೇ ಹೊತ್ತು ಸವೆದುಹೋಗುತ್ತಿದೆ, ಇಷ್ಟೇ ಅವಳಿಗೆ ಬೇಕಾದದ್ದು. ಬಸ್ಸಿನಲ್ಲಿ ಎದುರು ಸೀಟಿನವನು ಬಿಸ್ಕತ್ತು ತಿನ್ನುತ್ತಿದ್ದರೆ ಇವಳು ಇಳಿಯುವ ನಿಲ್ದಾಣ ಮರೆತ ದಿನಗಳೂ ಇವೆ. ಪಾಪ, ಅವನು ಅರ್ಧ ಪೊಟ್ಟಣ ಇವಳ ಕಡೆ ಚಾಚಿ, ತೊಗೊಳ್ಳಿ, ಅಂದಿದ್ದೂ ಉಂಟು.

ಅವಳ ಹೊಟ್ಟೆಪಾಡೇ ಅದು. ಹಲ್ಲಿನ ಡಾಕ್ಟರು ಮುಂದಿನ ಕೋಣೆಯಲ್ಲಿ ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಹಿಂದಿನ ಕೋಣೆಯಲ್ಲಿ ಇವಳು ಅದಕ್ಕೆ ಪ್ಲಾಸ್ಟರು ಹೊಯ್ದು, ಮೇಣದ ವಸಡು ಕಟ್ಟಿ, ಅದರಲ್ಲಿ ಒಂದೊಂದೇ ಹಲ್ಲು ನೆಟ್ಟು, ಕಡೆಗೆ ಮೇಣವನ್ನು ಕರಗಿಸಿ ತೆಗೆದು ಗುಲಾಬಿ ಬಣ್ಣದ ರಾಳ ತುಂಬಿ ಬೇಯಿಸಿ, ಉಜ್ಜಿ, ಹೊಳಪು ಕೊಟ್ಟು ಕಳಿಸುತ್ತಿದ್ದಳು. ಊರಿನ ಅರ್ಧ ಮುದುಕರು ನಗುತ್ತಿದ್ದುದು ಇವಳು ಕಟ್ಟಿಕೊಟ್ಟ ಹಲ್ಲಿನಲ್ಲಿ. ಬೀದಿಯವರು ಮೊದಮೊದಲು ಬೆನ್ನ ಹಿಂದೆ ಹಲ್ಲಿನಕ್ಕ ಎನ್ನುತ್ತಿದ್ದರು, ಆಮೇಲೆ ಎದುರಿಗೇ ಕರೆದರು. ಅವಳೂ ಬೇಜಾರಿಲ್ಲದೆ ಓ ಎಂದಳು.

ಇಂಥವಳ ಮನೆಯಲ್ಲೇ ಹಲ್ಲಿನ ತಕರಾರು ಹುಟ್ಟಿಕೊಂಡಿತು ನೋಡಿ.

ಅತ್ತೆ ಸೊಸೆ ಎಂದರೆ ಹಾವು ಮುಂಗುಸಿ ಎಂದು ನಂಬಿಕೊಂಡವರಿಗೆ ಈ ಮನೆಗೆ ಬಂದರೆ ನಿರಾಸೆಯಾಗುತ್ತಿತ್ತು. ಹಲ್ಲಿನಕ್ಕ ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡವಳು. ಮದುವೆಯಾಗಿ ಬಂದಾಗ ಅವಳಿಗೆ ಹೊದಿಕೆ ಮಡಿಸಲೂ ಬರುತ್ತಿರಲಿಲ್ಲ. ಅತ್ತೆ ಜೀವಮಾನವಿಡೀ ಒಂದು ದೊಡ್ಡ ಲಾಂಡ್ರಿಯಲ್ಲಿ ಬಟ್ಟೆ ಮಡಿಸುವ ವಿಭಾಗದಲ್ಲಿ ದುಡಿದವರು. ಅವರು ಮಡಿಸಿಟ್ಟ ಹೊದಿಕೆಯನ್ನು ಬಿಚ್ಚುವುದಕ್ಕೆ ಮನಸ್ಸೇ ಬರುತ್ತಿರಲಿಲ್ಲ, ಅಷ್ಟು ಚೊಕ್ಕ. ಸೊಸೆಗೆ ಒಂದು ಮಾತೂ ಅನ್ನದೆ ತುದಿಗೆ ತುದಿ ಕೂಡಿಸುವುದನ್ನು ಕಲಿಸಿಕೊಟ್ಟರು. ಆಮೇಲೆ ಜ್ವರ ಬಂದಾಗ, ಮಗಳು ಹುಟ್ಟಿದಾಗ, ಗಂಡನ ಮೇಲೆ ಮುನಿಸಿಕೊಂಡು ಮುಖ ಊದಿಸಿಕೊಂಡಾಗ, ಎಲ್ಲ ಹೊತ್ತಿನಲ್ಲೂ ಅವಳು ಹೋಗಿ ನಿಲ್ಲುತ್ತಿದ್ದುದು ಅತ್ತೆಯ ಮುಂದೆಯೇ. ಅತ್ತೆ ಎಂದು ಕರೆದದ್ದು ಬಾಯಿಮಾತಿಗೆ. ಅವಳ ಪಾಲಿಗೆ ಅವರು ಅಮ್ಮನೇ.

ಆ ಅತ್ತೆಗೆ ಕಳೆದ ಚಳಿಗಾಲದಲ್ಲಿ ಉಳಿದಿದ್ದ ನಾಲ್ಕು ಹಲ್ಲೂ ಹೋದವು. ಸೊಸೆ ತನ್ನ ಕೈಯಾರೆ ಪೂರ್ತಿ ಸೆಟ್ಟು ಕಟ್ಟಿಕೊಟ್ಟಳು. ಅಂಥ ಕೆಲಸ ಅವಳು ಇನ್ಯಾರಿಗೂ ಮಾಡಿಕೊಟ್ಟಿರಲಿಲ್ಲ. ಹಳೆಯ ಫೋಟೋಗಳನ್ನು ಇಟ್ಟುಕೊಂಡು ಮುಂದಿನ ಎರಡು ಹಲ್ಲುಗಳನ್ನು ಒಂದಿಷ್ಟು ಓರೆಯಾಗಿ, ಮೊದಲಿದ್ದ ಹಾಗೇ ನೆಟ್ಟಿದ್ದಳು. ಡಾಕ್ಟರು ಹಾಕಿ ನೋಡಿ, ಇದಕ್ಕೆ ನಾನೇನೂ ಕೈ ಹಚ್ಚಲ್ಲ, ಅಂದಿದ್ದರು. ಅತ್ತೆ ಕನ್ನಡಿಯಲ್ಲಿ ನೋಡಿಕೊಂಡು, ಚೆನ್ನಾಗಿದೆ, ಅಂದಿದ್ದರು.

ಅಷ್ಟೇ. ಅಂಗಡಿಗೆ ಹೋಗುವಾಗ ಹಾಕಿಕೊಂಡರು, ಪಾರ್ಕಿಗೆ ಹೋಗುವಾಗ ಹಾಕಿಕೊಂಡರು, ಫೋನಿನಲ್ಲಿ ಅಕ್ಕನ ಜೊತೆ ಮಾತಾಡುವಾಗಲೂ ಹಾಕಿಕೊಂಡರು. ಊಟದ ಹೊತ್ತಿಗೆ ಮಾತ್ರ ತೆಗೆದು, ತೊಳೆದು, ನೀರಿನ ಲೋಟಕ್ಕೆ ಹಾಕಿ, ಮೆತ್ತಗೆ ಬೇಯಿಸಿದ ಏನನ್ನೋ ಬಟ್ಟಲಿಗೆ ಬಡಿಸಿಕೊಂಡು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಊಟದ ಮೇಜಿನ ಕಿಟಕಿ ಪಕ್ಕದ ಕುರ್ಚಿ ಖಾಲಿಯಾಯಿತು. ಹಲ್ಲಿನಕ್ಕ ಬಿಟ್ಟೂ ಬಿಡದೆ ಕೇಳಿದಳು: ಎಲ್ಲಾದರೂ ಒತ್ತುತ್ತಾ? ಸಡಿಲವಾ? ನೋಯುತ್ತಾ? ಅತ್ತೆಯದು ಒಂದೇ ಉತ್ತರ, "ಎಲ್ಲ ಸರಿಯಾಗಿದೆ. ನನಗೆ ಒಬ್ಬಳೇ ಉಣ್ಣೋದು ಅಭ್ಯಾಸ ಆಗಿದೆ." ಬಣ್ಣದ ಕಾಗದ ಕಚ್ಚಿಸಿ ಪರೀಕ್ಷೆ ಮಾಡಿದಳು, ಗುರುತು ಎಲ್ಲ ಕಡೆ ಸಮವಾಗಿ ಬಿತ್ತು. ಅತ್ತೆ ಮಾತ್ರ ದಿನದಿಂದ ದಿನಕ್ಕೆ ಸೊರಗುತ್ತ ಹೋದರು. ರವಿಕೆಯ ತೋಳು ಸಡಿಲವಾಯಿತು.

ಒಂದು ದಿನ ಸಂಜೆ, ಹಲ್ಲಿನಕ್ಕನ ಗಂಡ ಬಸ್ಸು ಓಡಿಸುವ ಪಾಳಿ ಮುಗಿಸಿ ಬಂದು ಶೂ ಬಿಚ್ಚುತ್ತಿದ್ದಾಗ, ಅತ್ತೆ ಬಟ್ಟೆ ಮಡಿಸುತ್ತಲೇ ಹೇಳಿದರು. "ಮುಂದಿನ ತಿಂಗಳು ನಾನು ಅಕ್ಕನ ಮನೆಗೆ ಹೋಗಿ ಇದ್ದುಬಿಡ್ತೀನಿ. ಅವಳಿಗೆ ಕಣ್ಣು ಕಾಣಲ್ಲ, ನನಗೆ ಹಲ್ಲಿಲ್ಲ. ಇಬ್ಬರಿಗೂ ಸರಿಹೋಗತ್ತೆ."

ಮಗ ನಕ್ಕ. ಅಮ್ಮ ನಗಲಿಲ್ಲ, ಅವನೂ ನಿಲ್ಲಿಸಿದ.

"ಎಷ್ಟು ದಿನಕ್ಕೆ?" ಎಂದು ಹಲ್ಲಿನಕ್ಕ ಕೇಳಿದಳು.

"ಇದ್ದುಬಿಡ್ತೀನಿ ಅಂದೆನಲ್ಲ."

ಎರಡನೇ ಸಲ ತಾಯಿಯನ್ನು ಕಳೆದುಕೊಳ್ಳುವುದೆಂದರೆ ಹೀಗೇ ಇರಬೇಕು ಎಂದು ಹಲ್ಲಿನಕ್ಕನಿಗೆ ಅನಿಸಿತು, ಅದೂ ತಾನು ಕಟ್ಟಿದ ಹಲ್ಲಿನ ದೆಸೆಯಿಂದ. ಅವಳು ಅಳುತ್ತ ಕೂರುವ ಜಾತಿಯವಳಲ್ಲ. ಕೈಗೆ ಏನಾದರೂ ಕೆಲಸ ಕೊಟ್ಟುಕೊಂಡರೇ ಅವಳಿಗೆ ಯೋಚನೆ ಓಡುವುದು. ಆ ವಾರ ಅವಳಿಗೆ ಹೊಳೆದದ್ದು ಓಟ್ಸ್ ಬಾರ್.

ಹಲ್ಲು ಗಟ್ಟಿಯಿದ್ದ ಕಾಲದಲ್ಲಿ ಅತ್ತೆ ಅದನ್ನು ಬಿಟ್ಟವರೇ ಅಲ್ಲ. ಲಾಂಡ್ರಿಯ ಹತ್ತಿರದ ಬೇಕರಿಯಲ್ಲಿ ಓಟ್ಸು, ಕೊಬ್ಬರಿ, ಬಾದಾಮಿ ಹಾಕಿ ಮಾಡಿದ ಅಂಟಂಟು ಬಾರ್ ಸಿಗುತ್ತಿತ್ತು. ಸಂಬಳದ ದಿನ ತಂದು, ಹಲ್ಲಿಗೆ ಸ್ವಲ್ಪ ಕೆಲಸ ಕೊಡಬೇಕಪ್ಪ, ಎಂದು ಅಗಿಯುತ್ತ ಕೂರುತ್ತಿದ್ದರು. ಹಲ್ಲಿನಕ್ಕನ ಲೆಕ್ಕಾಚಾರ ಸರಳವಾಗಿತ್ತು. ಕಟ್ಟಿದ ಹಲ್ಲಿಗೆ ಗಟ್ಟಿ ಪದಾರ್ಥ ಅಂಥ ಕಷ್ಟವಲ್ಲ, ಅಂಟುವ ಪದಾರ್ಥವೇ ಕಷ್ಟ. ಹಿಡಿದು ಎಳೆಯುತ್ತದೆ. ಅದನ್ನು ಒಂದು ಸಲ ಧೈರ್ಯವಾಗಿ ತಿಂದುಬಿಟ್ಟರೆ ಅತ್ತೆಗೆ ಲೋಕದ ಯಾವ ಊಟಕ್ಕೂ ಹೆದರಿಕೆ ಇರುವುದಿಲ್ಲ, ಮೇಜಿಗೆ ಬಂದು ಕೂರುತ್ತಾರೆ, ಅಕ್ಕನ ಮನೆಯ ಮಾತು ಅಲ್ಲಿಗೇ ನಿಲ್ಲುತ್ತದೆ.

ಮೊದಲನೇ ಭಾನುವಾರ ಅವಳು ಎಡವಿದ್ದು ಅತಿಯಾದ ಎಚ್ಚರದಿಂದ. ಬಾದಾಮಿಯ ಚೂರು ಸೆಟ್ಟಿನ ಅಡಿಗೆ ಸೇರಿಕೊಂಡು ಚುಚ್ಚಿದರೆ? ಕೊಬ್ಬರಿಯ ಎಳೆ ಸಿಕ್ಕಿಕೊಂಡರೆ? ಎಲ್ಲವನ್ನೂ ಮಿಕ್ಸಿಗೆ ಹಾಕಿ ನುಣ್ಣಗೆ ಪುಡಿಮಾಡಿದಳು. ಬೆಣ್ಣೆ ಜೇನು ಕಲಸಿ ಬೇಯಿಸಿದ ಮೇಲೆ ಬಂದದ್ದು ಕಂದು ಬಣ್ಣದ ಒಂದು ಹಲಗೆ. ಅದನ್ನು ಕತ್ತರಿಸಿ ತಟ್ಟೆಯಲ್ಲಿಟ್ಟು ಅತ್ತೆಯ ಕೋಣೆಗೆ ತೆಗೆದುಕೊಂಡು ಹೋದಳು. ಅತ್ತೆ ಬೆರಳಲ್ಲಿ ಒತ್ತಿ ನೋಡಿದರು.

"ಇದನ್ನ ಗೋಡೆ ಬಿರುಕಿಗೆ ಮೆತ್ತಬಹುದು," ಅಂದರು. "ಹಲ್ಲಿಲ್ಲದವರ ತಿಂಡಿ ಇದು. ನನಗೆ ಹಲ್ಲಿದೆಯಲ್ಲ. ನೀನೇ ಕೊಟ್ಟಿದೀಯ."

"ಹಾಗಾದ್ರೆ ಅದನ್ನ ಹಾಕ್ಕೊಂಡು ತಿನ್ನಿ."

ಅತ್ತೆ ತಟ್ಟೆಯನ್ನು ಮೆಲ್ಲಗೆ ಅವಳ ಕಡೆಗೆ ಸರಿಸಿದರು. ಆ ಹಲಗೆಯನ್ನು ಮಗಳು ಶಾಲೆಗೆ ತೆಗೆದುಕೊಂಡು ಹೋಗಿ ಯಾರಿಗೆ ಕೊಟ್ಟಳೋ, ಡಬ್ಬಿಯಂತೂ ಖಾಲಿಯಾಗಿ ವಾಪಸ್ಸು ಬಂತು.

ಈಗ ಹಲ್ಲಿನಕ್ಕ ಹಟಕ್ಕೆ ಬಿದ್ದಳು. ಹಟಕ್ಕೆ ಬಿದ್ದವಳು ತನಗೆ ಗೊತ್ತಿದ್ದ ದಾರಿಯನ್ನೇ ಹಿಡಿದಳು. ಕೆಲಸದ ಕೋಣೆಯಲ್ಲಿ ಒಂದು ಹಿತ್ತಾಳೆಯ ಚೌಕಟ್ಟಿತ್ತು. ಮೇಲೊಂದು ಕೆಳಗೊಂದು ಅಚ್ಚು ಕೂಡಿಸಿದರೆ ಮನುಷ್ಯನ ದವಡೆಯಂತೆ ತೆರೆದು ಮುಚ್ಚಿ, ಪಕ್ಕಕ್ಕೂ ಜರುಗುತ್ತಿತ್ತು. ಯಾವುದೇ ಸೆಟ್ಟು ಕಳಿಸುವ ಮೊದಲು ಅದರ ಪಡಿಯಚ್ಚು ತೆಗೆದಿಟ್ಟುಕೊಳ್ಳುವುದು ಅವಳ ಪದ್ಧತಿ. ಅತ್ತೆಯ ಹಲ್ಲಿನ ಪಡಿಯಚ್ಚನ್ನು ಕಪಾಟಿನಿಂದ ಇಳಿಸಿ ಚೌಕಟ್ಟಿಗೆ ಹಾಕಿದಳು. ವಾರವಿಡೀ ಬೆಳಿಗ್ಗೆ ಬೇಗ ಎದ್ದು ಸಣ್ಣ ಸಣ್ಣ ತಟ್ಟೆಗಳಲ್ಲಿ ಬೇಯಿಸಿದಳು. ಒಂದಕ್ಕೆ ಜೇನು ಹೆಚ್ಚು, ಒಂದಕ್ಕೆ ಬೆಣ್ಣೆ ಕಡಿಮೆ, ಒಂದು ಅರೆಬೆಂದದ್ದು, ಒಂದು ಅಂಚು ಸುಟ್ಟದ್ದು. ಅವನ್ನೆಲ್ಲ ಡಬ್ಬಿಯಲ್ಲಿ ಒಯ್ದು ಪ್ಲಾಸ್ಟರಿನ ದವಡೆಗೆ ತಿನ್ನಿಸುತ್ತ ಕುಳಿತಳು. ತುಂಡು ಇಡುವುದು, ಒತ್ತುವುದು, ಪಕ್ಕಕ್ಕೆ ಜರುಗಿಸುವುದು, ಬಿಡಿಸುವಾಗ ಎಷ್ಟು ಎಳೆಯುತ್ತದೆ ಎಂದು ನೋಡುವುದು.

ಡಾಕ್ಟರು ಏನನ್ನೋ ಕೇಳಲು ಒಳಗೆ ಬಂದವರು ಬಾಗಿಲಲ್ಲೇ ನಿಂತರು.

"ಹಸಿದಿತ್ತಾ ಅದು?"

"ನಮ್ಮತ್ತೆಯವರದ್ದು ಡಾಕ್ಟ್ರೇ."

"ಅವರೆಲ್ಲಿ?"

"ಮನೇಲಿದ್ದಾರೆ."

ಡಾಕ್ಟರು ಚೌಕಟ್ಟನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. ಡಬ್ಬಿಯಿಂದ ಒಂದು ತುಂಡು ಎತ್ತಿಕೊಂಡು ಬಾಯಿಗೆ ಹಾಕಿಕೊಂಡರು. ಅವರು ಎಡಗಡೆಯಲ್ಲಿ ಮಾತ್ರ ಅಗಿಯುವುದನ್ನು ಹಲ್ಲಿನಕ್ಕ ಗಮನಿಸಿದಳು. ಬಂದದ್ದು ಯಾಕೆಂಬುದನ್ನೇ ಮರೆತು ಅವರು ಹೊರಟುಹೋದರು.

ಶನಿವಾರದ ಹೊತ್ತಿಗೆ ಅವಳಿಗೆ ಬೇಕಾದದ್ದು ಸಿಕ್ಕಿತು. ಕಚ್ಚಿದರೆ ಬಿಡಬೇಕು, ಅಗಿದರೆ ಹಿಡಿಯಬೇಕು, ಎಳೆದರೆ ಸೆಟ್ಟು ಅಲುಗಬಾರದು, ಅಂಥ ಹದ. ಎರಡನೇ ಭಾನುವಾರ ಮಧ್ಯಾಹ್ನ ಅದೇ ಹದದಲ್ಲಿ ದೊಡ್ಡ ತಟ್ಟೆ ಬೇಯಿಸಿ, ಚಹಾ ಮಾಡಿ, ಅತ್ತೆಯನ್ನು ಅಡುಗೆಮನೆಯ ಮೇಜಿಗೆ ಕರೆದಳು. ಗೋಗರೆದಳು ಎಂದರೂ ತಪ್ಪಿಲ್ಲ. ಅತ್ತೆ ಸೆಟ್ಟು ಹಾಕಿಕೊಂಡೇ ಬಂದು ಕುಳಿತರು. ತುಂಡನ್ನು ಕೈಗೆತ್ತಿಕೊಂಡರು. ವಾಸನೆ ನೋಡಿದರು. ಅವರಿಗೆ ಆಸೆಯಾಗಿತ್ತು, ಅದಂತೂ ಸುಳ್ಳಲ್ಲ.

ತುಂಡು ತುಟಿಯವರೆಗೆ ಹೋಯಿತು. ಹಲ್ಲಿನಕ್ಕ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ್ದಳು, ಅದು ಅವಳಿಗೇ ತಿಳಿಯದು. ಅತ್ತೆ ತುಂಡನ್ನು ತಟ್ಟೆಗೆ ವಾಪಸ್ಸಿಟ್ಟರು.

"ಹೆದರ್ಕೋಬೇಡಿ ಅತ್ತೆ," ಎಂದಳು ಇವಳು ಹುರುಪಿನಿಂದ. "ಇದು ನಿಮಗೆ ಆಗತ್ತೆ. ನಿಮ್ಮ ದವಡೆಗೆ ತಿನ್ನಿಸಿ ನೋಡೇ ತಂದಿರೋದು."

"ಯಾರ ದವಡೆಗೆ?"

ಹಲ್ಲಿನಕ್ಕ ಎಲ್ಲವನ್ನೂ ಹೇಳಿದಳು. ಪಡಿಯಚ್ಚು, ಚೌಕಟ್ಟು, ಅರೆಬೆಂದದ್ದು, ಸುಟ್ಟದ್ದು. ಡಾಕ್ಟರ ಮಾತನ್ನೂ ಸೇರಿಸಿ ನಗಿಸಲು ನೋಡಿದಳು. ಅತ್ತೆ ನಗಲಿಲ್ಲ. ಅವರ ಮುಖ ಒಂಥರಾ ಆಯಿತು.

"ನನಗಿಂತ ಮುಂಚೆ ನನ್ನ ಹಲ್ಲು ಊಟ ಮಾಡಿದೆ ಅನ್ನು."

"ಅತ್ತೆ, ಅದು ಬರೀ ಪ್ಲಾಸ್ಟರು."

"ಒಂದು ಕೆಲಸ ಮಾಡು. ನೀನು ತಿನ್ನು."

"ನಾನಾ?"

"ತಿನ್ನು. ನಾನು ನೋಡ್ತೀನಿ."

ಹಲ್ಲಿನಕ್ಕ ಒಂದು ತುಂಡು ಬಾಯಿಗಿಟ್ಟುಕೊಂಡಳು. ಅತ್ತೆ ಮೇಜಿನ ಮೇಲೆ ಮೊಣಕೈ ಊರಿ, ಗಲ್ಲಕ್ಕೆ ಕೈ ಕೊಟ್ಟು, ಅವಳ ಬಾಯಿಯನ್ನೇ ನೋಡತೊಡಗಿದರು. ಕಣ್ಣು ಮಿಟುಕಿಸಲಿಲ್ಲ. ಒಂದು ಸಲ ತಲೆಯನ್ನು ಸ್ವಲ್ಪ ಓರೆ ಮಾಡಿದರು, ಪಕ್ಕದಿಂದ ನೋಡುವವರಂತೆ. ಹಲ್ಲಿನಕ್ಕ ಅಗಿದಳು. ಅಗಿದದ್ದು ಎಡಕ್ಕೆ ಹೋಗಬೇಕೋ ಬಲಕ್ಕೆ ಹೋಗಬೇಕೋ ಅವಳಿಗೆ ಮರೆತುಹೋಯಿತು. ನಾಲಿಗೆ ಅಡ್ಡ ಬಂತು. ತನ್ನ ಬಾಯಿ ಚಪ್ಪರಿಸುವ ಸದ್ದು ತನಗೇ ಕೇಳಿಸಿತು. ಕೊಬ್ಬರಿ ಗಂಟಲಲ್ಲಿ ನಿಂತು, ಕೆಮ್ಮು ಬಂದು, ಚಹಾ ಕುಡಿದು ನುಂಗಿದಳು. ಕೆನ್ನೆ ಬಿಸಿಯಾಗಿತ್ತು.

"ಗೊತ್ತಾಯ್ತಾ?" ಎಂದು ಅತ್ತೆ ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಊಟಕ್ಕೆ ಕೂತಾಗ ನೀನು ನನ್ನನ್ನ ನೋಡಲ್ಲ ಮಗಳೇ. ದವಡೆ ನೋಡ್ತೀಯ."

ಅವರು ಎದ್ದು ಕೋಣೆಗೆ ಹೋದರು. ತುಂಡು ತಟ್ಟೆಯಲ್ಲೇ ಉಳಿಯಿತು.

ಹಲ್ಲಿನಕ್ಕನಿಗೆ ಆದ ಅವಮಾನ ಅಷ್ಟಿಷ್ಟಲ್ಲ. ಸಂಜೆ ಗಂಡ ಬಂದ ಮೇಲೆ, ಅವನಾದರೂ ತನ್ನ ಪರ ನಿಲ್ಲುತ್ತಾನೆಂದು ಹೇಳಿಕೊಂಡಳು. ಅವನು ತಲೆ ಕೆರೆದುಕೊಂಡ.

"ನಾನು ಹೇಳಿದ್ರೆ ಬೇಜಾರಾಗ್ತೀಯ ಅಂತ ಸುಮ್ನಿದ್ದೆ. ಮದುವೆ ಆದ ಹೊಸದ್ರಲ್ಲಿ ನಾನು ಹೊರಗಡೆ ತಿಂದ್ಕೊಂಡು ಬರ್ತಿದ್ದೆ. ಹೊಟ್ಟೆ ತುಂಬಿದೆ ಅಂತಿದ್ನಲ್ಲ, ಅದಕ್ಕೇ."

"ಅಯ್ಯೋ. ಮತ್ತೆ ಈಗ?"

"ಈಗ ಅಭ್ಯಾಸ ಆಗಿದೆ. ಬಸ್ಸಲ್ಲಿ ಕನ್ನಡಿ ತುಂಬ ಜನ ನೋಡ್ತಿರ್ತಾರೆ, ಓಡಿಸಲ್ವಾ, ಹಾಗೆ."

ಮಗಳು ಪುಸ್ತಕದಿಂದ ತಲೆಯೆತ್ತದೆ ತನ್ನ ಪಾಲನ್ನೂ ಸೇರಿಸಿದಳು. "ನನ್ನ ಫ್ರೆಂಡ್ಸ್ ಯಾರೂ ನಮ್ಮನೇಲಿ ತಿನ್ನಲ್ಲ. ನೀನು ನೋಡಿಲ್ವಾ?"

ಅವಳು ನೋಡಿರಲಿಲ್ಲ. ಎಲ್ಲರ ಬಾಯಿಯನ್ನೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದವಳು ಇದೊಂದನ್ನು ನೋಡಿರಲಿಲ್ಲ. ಆ ರಾತ್ರಿಯ ಊಟದಲ್ಲಿ, ತಲೆ ಎತ್ತಲೇಬಾರದೆಂದು ತಟ್ಟೆಗೆ ಮುಖ ಹಾಕಿ ಕುಳಿತಳು. ಎರಡು ತುತ್ತು ಇಳಿಯುವುದರೊಳಗೆ ಕಣ್ಣು ತಾನಾಗಿ ಗಂಡನ ಗಲ್ಲಕ್ಕೆ ಹೋಗಿ ಕೂತಿತ್ತು. ಗದರಿಕೊಂಡು ಕೆಳಗಿಳಿಸಿದರೆ ಮಗಳ ಕೆನ್ನೆಗೆ ಹೋಯಿತು. ವಾರವಿಡೀ ಇದೇ ಪಾಡು. ಕುಡುಕರಿಗೆ ಕುಡಿತ ಬಿಡುವುದು ಎಷ್ಟು ಕಷ್ಟವೆಂದು ಅವಳಿಗೆ ಆಗ ಅರ್ಥವಾಯಿತು, ಅವರ ಬಗ್ಗೆ ಹಿಂದೆ ಆಡಿದ್ದ ಮಾತುಗಳಿಗೆಲ್ಲ ನಾಲಿಗೆ ಕಚ್ಚಿಕೊಂಡಳು.

ಮೂರನೇ ಭಾನುವಾರ ಬಂತು. ಅತ್ತೆ ಹೊರಡುವುದಕ್ಕೆ ಮುಂಚಿನ ಕೊನೆಯ ಭಾನುವಾರ ಅದು. ಅವರ ಪೆಟ್ಟಿಗೆ ಕೋಣೆಯ ಬಾಗಿಲ ಬಳಿ ತೆರೆದಿತ್ತು, ಒಳಗೆ ಸೀರೆಗಳು ಅಂಚಿಗೆ ಅಂಚು ಕೂಡಿ ಮಲಗಿದ್ದವು. ಗಂಡ ಮಗಳನ್ನು ಈಜು ಕಲಿಸಲು ಕರೆದುಕೊಂಡು ಹೋಗಿದ್ದ. ಹಲ್ಲಿನಕ್ಕ ಅಡುಗೆಮನೆಯಲ್ಲಿ ಮತ್ತೆ ಓಟ್ಸ್ ಎತ್ತಿಕೊಂಡಳು. ಈ ಸಲ ಯಾವ ಲೆಕ್ಕಾಚಾರವೂ ಇರಲಿಲ್ಲ. ಹೋಗುವವರ ಕೈಗೆ ಒಂದು ಡಬ್ಬಿ ಕೊಟ್ಟು ಕಳಿಸೋಣ, ತಿಂದರೆ ತಿನ್ನಲಿ, ಇಲ್ಲದಿದ್ದರೆ ಅವರಕ್ಕ ತಿನ್ನಲಿ, ಅಷ್ಟೇ ಮನಸ್ಸಿನಲ್ಲಿದ್ದದ್ದು. ಇದನ್ನು ಅಂದುಕೊಳ್ಳುವಾಗ ಅವಳ ಕಣ್ಣು ತುಂಬಿ ಬಂದಿತ್ತು, ಒರೆಸಿಕೊಂಡಳು.

ಓಟ್ಸನ್ನು ಒಣ ಬಾಣಲೆಯಲ್ಲಿ ಹುರಿದಳು. ಕೊಬ್ಬರಿ ತುರಿಯನ್ನು ಕೊನೆಯಲ್ಲಿ ಹಾಕಿದಳು, ಬೇಗ ಸೀಯುತ್ತದೆ ಎಂದು. ಬಾದಾಮಿ, ಅಕ್ರೋಟು, ಗೋಡಂಬಿಯನ್ನು ಈ ಸಲ ಮಿಕ್ಸಿಗೆ ತೋರಿಸದೆ ಚಾಕುವಿನಲ್ಲಿ ದಪ್ಪದಪ್ಪಗೆ ಕೊಚ್ಚಿದಳು. ಬೆಣ್ಣೆ, ಕಂದು ಸಕ್ಕರೆ, ಜೇನು ಕರಗಿ ಗುಳ್ಳೆ ಎದ್ದಾಗ ಚಿಟಿಕೆ ಉಪ್ಪು ಹಾಕಿ ಎಲ್ಲದರ ಮೇಲೂ ಸುರಿದು ಕಲಸಿದಳು. ಬೇಯಿಸುವ ತಟ್ಟೆಗೆ ಕಾಗದ ಹಾಸುವಾಗ ಮೂಲೆಯಲ್ಲಿ ಅದು ಎಂದಿನಂತೆ ಸುಕ್ಕಾಯಿತು. ಎಳೆದಳು, ಇನ್ನೊಂದು ಮೂಲೆ ಎದ್ದಿತು.

"ಬಿಡು ಇತ್ಲಾಗೆ." ಅತ್ತೆ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ.

ಅವರು ಬಂದು ಕಾಗದವನ್ನು ತೆಗೆದು, ನಾಲ್ಕು ಮೂಲೆಗೂ ಕತ್ತರಿಯಿಂದ ಒಂದೊಂದು ಸೀಳು ಹಾಕಿ, ಒಂದರ ಕೆಳಗೊಂದು ಸೇರಿಸಿ, ಅಂಗೈಯಲ್ಲಿ ನೀವಿದರು. ಆಸ್ಪತ್ರೆಯ ಹಾಸಿಗೆಗೆ ಹೊದಿಕೆ ಸಿಕ್ಕಿಸಿದಂತೆ ಕಾಗದ ತಟ್ಟೆಯೊಳಗೆ ಬಿಗಿಯಾಗಿ ಕೂತಿತು. ಹಲ್ಲಿನಕ್ಕ ಮಿಶ್ರಣ ಸುರಿದಳು. ಅತ್ತೆ ಚಪ್ಪಟೆ ತಳದ ಬಟ್ಟಲಿನಿಂದ, ಇಸ್ತ್ರಿ ಮಾಡುವವರಂತೆ ನಡುವಿನಿಂದ ಅಂಚಿಗೆ ಒತ್ತುತ್ತ ಬಂದರು. ಓವನ್ನಿನೊಳಗೆ ತಟ್ಟೆ ಹೋದ ಮೇಲೆ ಇಬ್ಬರೂ ಅದರ ಮುಂದೆ ಸ್ಟೂಲು ಹಾಕಿಕೊಂಡು ಕುಳಿತರು.

ಅಂಚು ಕೆಂಪಗಾದಾಗ, ನಡು ಇನ್ನೂ ಮೆತ್ತಗಿರುವಾಗಲೇ ಹಲ್ಲಿನಕ್ಕ ಅದನ್ನು ತೆಗೆದಳು.

"ಬೆಂದಿಲ್ಲ ಅದು," ಎಂದರು ಅತ್ತೆ.

"ಆರಿದ ಮೇಲೆ ಗಟ್ಟಿಯಾಗತ್ತೆ. ಬಿಸೀಲಿ ಗಟ್ಟಿ ಇದ್ರೆ ಆಮೇಲೆ ಹೆಂಚು. ನಮ್ಮ ಕೆಲಸದಲ್ಲೂ ಅಷ್ಟೇ, ಬಿಸಿ ಇರೋವಾಗ ಅಚ್ಚು ಬಿಚ್ಚಿದ್ರೆ ಸೊಟ್ಟಗಾಗಿಬಿಡತ್ತೆ."

ಕಾದರು. ಅತ್ತೆ ಅಷ್ಟರಲ್ಲಿ ಎರಡು ಸಲ ಬೆರಳು ತಾಗಿಸಿ ನೋಡಿದರು, ಮಗುವಿನ ಹಾಗೆ. ಆರಿದ ಮೇಲೆ ಹಲ್ಲಿನಕ್ಕ ಉದ್ದುದ್ದ ತುಂಡು ಮಾಡಿ ತಟ್ಟೆಯಲ್ಲಿಟ್ಟಳು. ಕೊಯ್ದ ಕಡೆಯಲ್ಲಿ ಬಾದಾಮಿಯ ಬಿಳಿ ಕಾಣುತ್ತಿತ್ತು, ಜೇನಿನ ಸಣ್ಣ ಎಳೆ ಚಾಕುವಿನ ಹಿಂದೆ ಬಂತು. ತಟ್ಟೆಯನ್ನು ಮೇಜಿನ ಮೇಲೆ ಕಿಟಕಿ ಪಕ್ಕದ ಕುರ್ಚಿಯ ಮುಂದಿಟ್ಟಳು. ತಿನ್ನಿ ಎನ್ನಲಿಲ್ಲ. ಬೆನ್ನು ತಿರುಗಿಸಿ, ಸಿಂಕಿನ ಮುಂದೆ ನಿಂತು, ಪಾತ್ರೆಗೆ ಕೈ ಹಾಕಿದಳು.

ಹಿಂದೆ ಕುರ್ಚಿ ಎಳೆದ ಸದ್ದು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ, ಮೆಲ್ಲಗೆ, ಕಟ್ ಎಂದಿತು.

ಹಲ್ಲಿನಕ್ಕನ ಕೈ ನೀರಿನಲ್ಲೇ ನಿಂತಿತು. ಕುತ್ತಿಗೆ ತಿರುಗಲು ಹವಣಿಸುತ್ತಿತ್ತು, ಅದನ್ನು ಹಿಡಿದು ನಿಲ್ಲಿಸುವುದು ಅವಳ ಬಾಳಿನಲ್ಲೇ ಕಷ್ಟದ ಕೆಲಸವಾಗಿತ್ತು. ತಾನು ಕಟ್ಟಿದ ಅತ್ಯುತ್ತಮ ಹಲ್ಲು ಮೊದಲ ಸಲ ನಿಜವಾದ ಕೆಲಸ ಮಾಡುತ್ತಿದೆ, ಮೂರೇ ಹೆಜ್ಜೆ ಹಿಂದೆ. ತಿರುಗಲಿಲ್ಲ. ಆದರೆ ಕಿವಿ ಸುಮ್ಮನಿರಬೇಕಲ್ಲ. ಅದೂ ಅದೇ ಕಸುಬಿನಲ್ಲಿ ಪಳಗಿದ್ದು. ಒಂದು, ಎರಡು, ನಿಧಾನ, ನಿಂತಿತು, ಈಗ ಎಡಕ್ಕೆ ಹೋಯಿತು ಎಂದು ಅದು ಪಾಠ ಒಪ್ಪಿಸತೊಡಗಿತು. ಕೇಳುವುದೂ ನೋಡಿದ ಹಾಗೆಯೇ ಎಂದು ಅವಳಿಗೆ ಹೊಳೆಯಿತು. ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ನೀರಿನ ಸದ್ದಿನಲ್ಲಿ ಎಲ್ಲ ಮುಚ್ಚಿಹೋಯಿತು. ಅತ್ತೆ ತಿನ್ನುತ್ತಿದ್ದಾರೋ, ಉಗುಳಿದರೋ, ಎದ್ದು ಹೋದರೋ, ಅವಳಿಗೆ ತಿಳಿಯಲಿಲ್ಲ. ತಿಳಿಯದೇ ನಿಂತಳು.

"ಎರಡು ಚಮಚ ತೊಳೆಯೋಕೆ ಅಷ್ಟು ನೀರಾ?" ಅತ್ತೆ ಗಟ್ಟಿಯಾಗಿ ಕೇಳಿದರು. "ನಿಲ್ಲಿಸು. ಬಂದು ಕೂತ್ಕೋ."

ನಿಲ್ಲಿಸಿದಳು. ಕೈ ಒರೆಸಿಕೊಂಡು, ಎದುರು ಕುರ್ಚಿಯಲ್ಲಿ ಕುಳಿತು, ಮೇಜಿನ ಬಟ್ಟೆಯ ಗೆರೆಗಳ ಮೇಲೆ ಕಣ್ಣು ನೆಟ್ಟಳು. ಅತ್ತೆಯ ಬಾಯಲ್ಲಿ ಇನ್ನೂ ತುಂಡಿತ್ತು. ಅವರು ಅದನ್ನು ಅವಸರವಿಲ್ಲದೆ ಮುಗಿಸಿದರು.

"ಹಲ್ಲು ಹೇಗಿದೆ ಅಂತ ಕೇಳಲ್ವಾ?"

"ಇಲ್ಲ."

"ಕೇಳು."

"ಹೇಗಿದೆ?"

"ಕೆಳಗಿಂದು ಒತ್ತತ್ತೆ. ಬಲಗಡೆ, ಕೊನೇ ಹಲ್ಲಿನ ಹತ್ರ."

ಹಲ್ಲಿನಕ್ಕ ತಲೆ ಎತ್ತಿದಳು, ಮತ್ತೆ ತಗ್ಗಿಸಿದಳು. "ಯಾವತ್ತಿಂದ?"

"ಮೊದಲನೇ ದಿನದಿಂದ. ಸುಮ್ನೆ ಹಾಕ್ಕೊಂಡಿದ್ರೆ ಏನಿಲ್ಲ, ಕಾಗದ ಕಚ್ಚಿದ್ರೂ ಏನಿಲ್ಲ. ಅಗಿದ್ರೆ ಸೂಜಿ ಚುಚ್ಚಿದಂಗೆ ಆಗತ್ತೆ."

"ಎಷ್ಟು ಸಲ ಕೇಳಿದೆ ಅತ್ತೆ ನಾನು. ಯಾಕೆ ಹೇಳ್ಲಿಲ್ಲ?"

"ಹೇಗೆ ಹೇಳ್ಲಿ? ಸೆಟ್ಟು ಹಾಕಿದ ದಿನ ನಿನ್ನ ಮುಖ ನೀನು ನೋಡ್ಕೋಬೇಕಿತ್ತು. ಅಷ್ಟು ಖುಷಿಯಾಗಿ ನಿಂತಿದ್ದೆ. ನನ್ನ ಸೊಟ್ಟ ಹಲ್ಲನ್ನೂ ಬಿಡದೆ ಮಾಡಿದೀಯ. ಚೆನ್ನಾಗಿದೆ ಅಂದ್ಬಿಟ್ಟೆ." ಅತ್ತೆ ತಟ್ಟೆಯಲ್ಲಿ ಉದುರಿದ್ದ ಕೊಬ್ಬರಿಯನ್ನು ಬೆರಳಿನಿಂದ ಒಂದು ಕಡೆ ಗುಡ್ಡೆ ಮಾಡಿದರು. "ಒಂದು ಸಲ ಅಂದ್ಮೇಲೆ ನಿನ್ನೆದುರಿಗೆ ಕೂತು ಅಗಿಯೋಕಾಗತ್ತಾ? ಎರಡನೇ ತುತ್ತಿಗೆ ನಿನ್ನ ಕಣ್ಣು ಹಿಡಿದುಬಿಡತ್ತೆ. ಅದಕ್ಕೆ ಒಳಗೆ ಹೋಗ್ತಿದ್ದೆ."

ಹಲ್ಲಿನಕ್ಕನಿಗೆ ಅಳು ಬಂತು. ಅದರ ಜೊತೆಗೇ ನಗುವೂ ಬಂದು, ಎರಡೂ ಸೇರಿ ಮೂಗಿನಿಂದ ಏನೋ ಸದ್ದಾಯಿತು. "ಇಷ್ಟಕ್ಕೆ ಮನೆ ಬಿಟ್ಟು ಹೋಗೋಕೆ ಹೊರಟಿದ್ರಾ?"

ಅತ್ತೆ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಅಲ್ಲಿ ಹೋದ್ರೆ ಇದನ್ನ ಉಜ್ಜಿಕೊಡೋರು ಯಾರಿದ್ದಾರೆ," ಎಂದರು. "ಅಕ್ಕನೇ ಬೇಕಾದ್ರೆ ನಾಲ್ಕು ದಿನ ಬಂದು ಹೋಗ್ಲಿ."

ಹಲ್ಲಿನಕ್ಕ ಕಣ್ಣು ಒರೆಸಿಕೊಂಡಳು. ಸ್ವಲ್ಪ ಹೊತ್ತು ತಡೆದುಕೊಂಡಳು, ಅಷ್ಟೇ ಅವಳಿಂದ ಸಾಧ್ಯವಾದದ್ದು.

"ಒಂದು ಸಲ ನೋಡ್ಲಾ?"

"ಇರು. ಇನ್ನೊಂದು ತಿಂದ್ಕೊಂಡು ತೋರಿಸ್ತೀನಿ."

ಅತ್ತೆ ಇನ್ನೊಂದು ತುಂಡು ಎತ್ತಿಕೊಂಡು, ಎಡಗಡೆಯ ಹಲ್ಲಿಗೆ ಸರಿಸಿಕೊಂಡು ಕಚ್ಚಿದರು. ಹಲ್ಲಿನಕ್ಕ ಕೈಕಟ್ಟಿಕೊಂಡು, ಅವರು ತಿಂದು ಮುಗಿಸುವವರೆಗೂ ಕಿಟಕಿಯ ಹೊರಗೆ ನೋಡುತ್ತ ಕುಳಿತಳು.